ಕಪ್ಪುಕುಳಿಗೆ ಹೊದಿಸಿದ ಒದ್ದೆ ಗೋಣಿತಾಟು

ಬೆಚ್ಚಗಿಡುವ ವಿಷಯದಲ್ಲಿ ಜಂಗಮಕೋಟೆಯಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರೇಷ್ಮೆಹುಳು ಮರಿಯಾಗಿದ್ದಾಗ ಅದಕ್ಕೆ ಬಿಸಿಯೂ ಬೇಕು, ತೇವವೂ ಬೇಕು. ಎರಡನ್ನೂ ಕೊಟ್ಟು ಕೊಟ್ಟೇ ನಾನು ಮುದುಕಿಯಾದೆ. ಆದ್ದರಿಂದ ಮುಂದೆ ಆದದ್ದಕ್ಕೆ ನನ್ನ ಅಜ್ಞಾನ ಕಾರಣವಲ್ಲ, ಅನುಭವವೇ ಕಾರಣ.

ಆಗ ಮೊಮ್ಮಗಳು ಭಾರತಿ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ಊರಲ್ಲಿ ಕಂಪ್ಯೂಟರ್ ಕಂಡವರೇ ಕಡಿಮೆ ಇದ್ದ ಕಾಲ. ನಮ್ಮ ಹುಳುಮನೆಯ ಪಕ್ಕದ ಕೋಣೆಯಲ್ಲಿ ಅವಳ ಕಂಪ್ಯೂಟರ್ ಡಬ್ಬವೊಂದು ಹಗಲೂ ರಾತ್ರಿ ಗುಂಯ್‌ಗುಡುತ್ತಿತ್ತು. ಅದು ಆಕಾಶದಲ್ಲಿ ಕಪ್ಪುಕುಳಿಗಳ ಜೋಡಿ ಹುಡುಕುತ್ತಿತ್ತು. ಅವು ಬೆಳಕನ್ನೂ ನುಂಗಿಬಿಡುತ್ತವಂತೆ. ಎರಡು ಕುಳಿ ಒಂದನ್ನೊಂದು ಸುತ್ತಿ ಡಿಕ್ಕಿ ಹೊಡೆದರೆ ಆಕಾಶವೇ ಸಣ್ಣಗೆ ಅದುರಿ ಅಲೆ ಏಳುತ್ತದಂತೆ. ದೂರದೇಶದ ಯಂತ್ರಗಳು ದಾಖಲಿಸಿದ್ದ ಅದುರಾಟವನ್ನು ಅವಳ ಗುರುಗಳು ತಂದುಕೊಟ್ಟಿದ್ದರು. ಇವಳ ಡಬ್ಬ ಅದನ್ನು ಜರಡಿ ಹಿಡಿಯುತ್ತಿತ್ತು.

ಅದರಲ್ಲೂ ಇವಳಿಗೆ ಬೇಕಾದದ್ದು ಸೂರ್ಯನಿಗಿಂತ ಹಗುರವಾದ ಕುಳಿಗಳು. ಸತ್ತ ನಕ್ಷತ್ರದಿಂದ ಅಂಥವು ಹುಟ್ಟುವುದಿಲ್ಲವಂತೆ. ಹುಟ್ಟದ್ದನ್ನು ಯಾಕೆ ಹುಡುಕುತ್ತೀಯೆ ಎಂದು ಕೇಳಿದೆ.

"ಸಿಕ್ಕಿದ್ರೆ, ನಕ್ಷತ್ರಗಳಿಗಿಂತ ಮೊದ್ಲೇ ಹುಟ್ಟಿದ್ವೇನೋ ಅನ್ಬೋದು ಅಜ್ಜಿ. ಸಿಗದಿದ್ರೂ ಎಷ್ಟು ಅಪರೂಪ ಅಂತ ಹೇಳ್ಬೋದು. ಹಗುರ ಇದ್ದಷ್ಟೂ ಜಾಸ್ತಿ ಹೊತ್ತು ಸುತ್ತುತ್ವೆ, ಹುಡ್ಕಕ್ಕೂ ಜಾಸ್ತಿ ಹೊತ್ತು ಬೇಕು. ನಾನು ವರದಿ ಕೊಡೋವರೆಗೂ ಇದನ್ನ ಆರಿಸ್ಬೇಡ, ಅಷ್ಟೆ."

ನಾನು ಆರಿಸಲಿಲ್ಲ. ಇದನ್ನು ಎಲ್ಲರೂ ಗಮನಿಸಬೇಕು.

ಕರೆಂಟ್ ಹೋದರೆ ಎಂದು ಬ್ಯಾಟರಿ ಇಟ್ಟಿದ್ದಳು. ಅಜ್ಜಿ ಬಂದರೆ ಎಂದು ಏನೂ ಇಟ್ಟಿರಲಿಲ್ಲ.

ಮಾಗಿಯ ಒಂದು ಬೆಳಿಗ್ಗೆ ಅವಳು ಕಾಲೇಜಿಗೆ ಹೋದಳು. ಮರಿಹುಳುಗಳು ಚಳಿಗೆ ಸೊಪ್ಪು ಮುಟ್ಟದೆ ಮುದುರಿದ್ದವು. ಮನೆಯಲ್ಲಿ ಇದ್ದಿಲು ಮುಗಿದಿತ್ತು. ಡಬ್ಬದ ಹಿಂದೆ ಕೈಯಿಟ್ಟು ನೋಡಿದೆ, ಹದವಾದ ಬಿಸಿಗಾಳಿ! ಇಷ್ಟು ದಿನ ಸುಮ್ಮನೆ ಗೋಡೆಗೆ ಹೋಗುತ್ತಿತ್ತು. ಹುಳುವಿನ ತಟ್ಟೆಯನ್ನು ಡಬ್ಬದ ಮೇಲಿಟ್ಟೆ. ಬಿಸಿ ಹೊರಗೆ ಹೋಗದಿರಲಿ, ತೇವವೂ ಇರಲಿ ಎಂದು ತಟ್ಟೆ, ಡಬ್ಬ ಎರಡಕ್ಕೂ ಸೇರಿಸಿ ಒದ್ದೆ ಗೋಣಿತಾಟು ಹೊದಿಸಿದೆ. ಗೋಣಿ ಬೇಗ ಒಣಗಿತು. ಮತ್ತೆ ನೀರು ಚಿಮುಕಿಸಿದೆ.

ಯಜಮಾನರು ಬಾಗಿಲಲ್ಲಿ ನಿಂತು ನೋಡಿದರು.

"ಏನೇ, ಅದಕ್ಕೂ ಬಾಣಂತನ ಮಾಡ್ತಿದೀಯಾ?"

ನಿಮಗೇನು ಗೊತ್ತಾಗುತ್ತದೆ, ಹೋಗಿ ಸೊಪ್ಪು ತನ್ನಿ ಎಂದು ಅಟ್ಟಿದೆ.

ಅವರು ಸೊಪ್ಪು ತರುವಷ್ಟರಲ್ಲಿ ಡಬ್ಬ ಟಪ್ ಎಂದಿತು. ಗೋಣಿಯೊಳಗಿಂದ ಸುಟ್ಟ ವಾಸನೆ, ಹೊಗೆ. ತಟ್ಟೆ ಎತ್ತಿದೆ. ಹುಳುಗಳಿಗೆ ಇನ್ನು ಚಳಿಯ ಚಿಂತೆ ಇರಲಿಲ್ಲ. ಯಾವ ಚಿಂತೆಯೂ ಇರಲಿಲ್ಲ.

ಸಂಜೆ ಭಾರತಿ ಬಂದು ಡಬ್ಬ ಬಿಚ್ಚಿದಳು. ನೀರು ತೊಟ್ಟಿಕ್ಕಿತು. ಅವಳ ಕೆಲಸವೆಲ್ಲ ಅದೊಂದರೊಳಗೇ ಇತ್ತು. ವರದಿ ಕೊಡುವ ದಿನ ಹತ್ತಿರವಿತ್ತು. ಸಮಾಧಾನ ಮಾಡುವುದೂ ನನಗೆ ಗೊತ್ತು ಎಂದುಕೊಂಡಿದ್ದೆ.

"ಹೋಗ್ಲಿ ಬಿಡಮ್ಮ. ಸಿಗ್ಲಿಲ್ಲ ಅಂತ ಬರ್ದುಬಿಡು."

"ಸಿಗ್ಲಿಲ್ಲ ಅನ್ನಕ್ಕೂ ಪೂರ್ತಿ ಹುಡುಕಿರ್ಬೇಕು ಅಜ್ಜಿ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಅವಳ ಪದವಿ ಒಂದು ವರ್ಷ ತಡವಾಯಿತು. ಮುಂದಿನ ವರ್ಷ ಕಾಲೇಜಿನ ಕಂಪ್ಯೂಟರಿನಲ್ಲೇ ಪೂರ್ತಿ ಹುಡುಕಿ, ಸಿಗಲಿಲ್ಲ ಎಂದು ಬರೆದುಕೊಟ್ಟಳು. ಅಕ್ಕಪಕ್ಕದವರು ಕುಳಿ ಸಿಕ್ಕಿತಾ ಎಂದು ಈಗಲೂ ನನ್ನನ್ನೇ ಕೇಳುತ್ತಾರೆ. ಹಗುರವಾದದ್ದು ಸಿಗಲಿಲ್ಲ ಎನ್ನುತ್ತೇನೆ. ಅವಳ ಒಂದು ವರ್ಷವನ್ನು ಸದ್ದಿಲ್ಲದೆ ನುಂಗಿದ ಕುಳಿ ಸಾಕಷ್ಟು ಭಾರದ್ದು. ಅದು ಹುಳುಮನೆಯ ಬಾಗಿಲಲ್ಲಿ ಕಾಲು ಚಾಚಿ ಕೂತು, ನಿಮಗೆ ಈ ಕಥೆ ಹೇಳುತ್ತಾ ಸೊಪ್ಪು ಹೆಚ್ಚುತ್ತಿದೆ.