ಗ್ರಾಮಸೇವಕರ ಗೋಣಿ ಅಂಗಿ

ಎಲ್ಲ ರಗಳೆಗೂ ಮೂಲ ಒಂದು ಖಾಲಿ ಗೋಣಿ.

ಕೊಕ್ಕರ್ಣೆಯ ಗ್ರಾಮಸೇವಕ ಉಮಾನಾಥನಿಗೆ ವರ್ಗ ಅಂದ್ರೆ ಸ್ವರ್ಗ. ಹೆಂಡತಿ ಹರಿಣಾಕ್ಷಿ ಉಪ್ಪುಂದದಲ್ಲಿ, ಇವನು ಮೂರು ವರ್ಷದಿಂದ ಇಲ್ಲಿ ಒಬ್ಬನೇ ಗಂಜಿ ಬೇಯಿಸಿಕೊಂಡು. ಸೆಣಬಿನ ಪ್ರಚಾರದ ಸಭೆ ಗೆಲ್ಲಿಸಿದರೆ ಅಲ್ಲೇ ಉಪ್ಪುಂದಕ್ಕೆ ವರ್ಗದ ಆರ್ಡರ್ ಕೊಡ್ತೇನೆ ಅಂತ ಬಿಡಿಒ ಸಾಹೇಬರು ಮಾತು ಕೊಟ್ಟಿದ್ದರು. ಬರೀ ಭಾಷಣಕ್ಕೆ ಸಾಹೇಬರು ಕರಗ್ತಾರಾ? ಗೋಣಿಯದ್ದೇ ಅಂಗಿ ತೊಟ್ಟು ಮಾತಾಡುವುದು ಅಂತ ಉಮಾನಾಥ ತೀರ್ಮಾನಿಸಿದ.

ಗೋಣಿ ಕೊಟ್ಟವರು ಬಿಡಾರದ ಯಜಮಾನ ಚಂದಯ್ಯ. ಅದು ಬೀಜದ ಗೋಣಿ, ಸಮಾ ಕೊಡವಿ ಹೊಲಿಸಿ ಅಂದಿದ್ದರು. ಗಡಿಬಿಡಿಯಲ್ಲಿ ಕೊಡವಿದವರು ಯಾರು? ದರ್ಜಿ ಗಣಪ ಎರಡು ಪದರ ಹಾಕಿ ಹೊಲಿದ. ಅಂಗಿ ಎಷ್ಟು ಗಡುಸು ಅಂದ್ರೆ, ಒಳಗೆ ಉಮಾನಾಥ ಇಲ್ಲದೆಯೂ ನೆಟ್ಟಗೆ ನಿಲ್ಲುತ್ತಿತ್ತು. ಮೆತ್ತಗಾಗಲಿ ಅಂತ ಇವನು ಅದನ್ನು ಒಂದಿಡೀ ರಾತ್ರಿ ನೀರಲ್ಲಿ ನೆನೆಸಿ, ಬೈಹುಲ್ಲು ಮುಚ್ಚಿ, ಮೇಲೆ ಕಲ್ಲು ಹೇರಿ ಎರಡು ದಿನ ಇಟ್ಟ.

ಸಭೆಯ ದಿನ ಬೆಳಿಗ್ಗೆ ಅಂಗಿ ಮೈಗೇರಿತು, ತುರಿಕೆ ತಲೆಗೇರಿತು. ದಾರಿಯಲ್ಲಿ ಚಂದಯ್ಯನವರ ಕೋಳಿಗಳು ದಿಬ್ಬಣ ಹೊರಟ ಹಾಗೆ ಹಿಂದೆ ಬಿದ್ದವು. ಒಂದು ಕರು ಬೆನ್ನು ನೆಕ್ಕಿತು. ಮೀನಿನ ಬುಟ್ಟಿ ಹೊತ್ತು ಎದುರು ಬಂದ ಜಲಜಕ್ಕ ನಿಂತು ಕೇಳಿದಳು, "ಹ್ವಾಯ್, ಒಳ್ಗ್ ಎಷ್ಟ್ ಸೇರ್ ಅಕ್ಕಿ ಇತ್ತ್?"

ಉಮಾನಾಥ ಕಿವಿಗೆ ಹಾಕಿಕೊಳ್ಳಲಿಲ್ಲ. ನೈಲಾನ್ ಅಂಗಿ ಆದರೆ ಕರು ಮೂಸಿ ನೋಡುತ್ತಿತ್ತಾ ಅಂತ ಒಳಗೊಳಗೇ ಬೀಗಿದ.

ಶಾಲೆಯ ಜಗಲಿಯಲ್ಲಿ ಊರೇ ಸೇರಿತ್ತು. ಸೆಣಬು ಬೆವರು ಕುಡಿಯುತ್ತದೆ, ಮೈಗೆ ಗಾಳಿ ಬಿಡುತ್ತದೆ, ಹರಿದ ಮೇಲೆ ಗದ್ದೆಗೆ ಎಸೆದರೆ ಗೊಬ್ಬರ. ಬೊಂಬಾಯಿಯ ನೈಲಾನ್ ಮಾತ್ರ ನಾವು ಮಣ್ಣಾದರೂ ತಾನು ಮಣ್ಣಾಗುವುದಿಲ್ಲ ಅಂದ ಉಮಾನಾಥ. ವಾಕ್ಯಕ್ಕೊಮ್ಮೆ ಕೆರೆದುಕೊಂಡ. ಜನ ಅದನ್ನು ಅಭಿನಯ ಅಂದುಕೊಂಡರು. ಸಾಹೇಬರ ಕೈ ಆರ್ಡರ್ ಇದ್ದ ಜೇಬಿನತ್ತ ಹೋಯಿತು. ಹುರುಪೆದ್ದ ಉಮಾನಾಥ, ಬೆವರು ಹೀರಿದ್ದು ನೋಡಿ ಅಂತ ಬೆನ್ನು ತಿರುಗಿಸಿದ.

ಮುಂದಿನ ಸಾಲಿನವರೆಲ್ಲ ಒಮ್ಮೆಲೇ ಕತ್ತು ಚಾಚಿದರು.

ಚಂದಯ್ಯ ಎದ್ದು ಹತ್ತಿರ ಬಂದರು. "ಎಂತ ಮಾರಾಯ್ರೆ, ನಿಮ್ಮ್ ಬೆನ್ನ್ ಮೇಲ್ ಭತ್ತ ಹುಟ್ಟಿತ್ತಲೆ."

ನೆನೆಸಿ, ಹುಲ್ಲು ಮುಚ್ಚಿ, ಕಲ್ಲು ಹೇರಿ ಬೀಜ ಮೊಳೆಸಿ ಅಂತ ಮೂರು ವರ್ಷ ಊರಿಗೆಲ್ಲ ಪಾಠ ಹೇಳಿದ್ದವನಿಗೆ ಆಗ ತಲೆಗೆ ಹೊಳೆಯಿತು. ಎರಡು ಪದರದ ನಡುವೆ ಉಳಿದ ಕಾಳೆಲ್ಲ ಗೋಣಿ ತೂರಿಕೊಂಡು ಬೆಳ್ಳಗೆ ಇಣುಕುತ್ತಿದ್ದವು. ಉಪ್ಪುಂದ ಕಣ್ಣೆದುರೇ ಮುಳುಗಿತು.

ಸಾಹೇಬರು ಕನ್ನಡಕ ಏರಿಸಿ ಒಂದು ಮೊಳಕೆ ಕಿತ್ತು ನೋಡಿದರು. "ಉಮಾನಾಥ್, ಆಫೀಸಿನ ಬೀಜ ಮೂರು ವರ್ಷದಿಂದ ಈ ಊರಲ್ಲಿ ಒಂದೂ ಹುಟ್ಟಲಿಲ್ಲ. ನೀವು ಅಂಗಿಯಲ್ಲೇ ಹುಟ್ಟಿಸಿದ್ರಲ್ರೀ. ನಿಮ್ಮನ್ನು ಉಪ್ಪುಂದಕ್ಕೆ ಕಳಿಸಿದ್ರೆ ನಾನು ಮೂರ್ಖ." ಆರ್ಡರನ್ನು ನಾಲ್ಕು ತುಂಡು ಮಾಡಿದರು. "ಇನ್ನು ಐದು ವರ್ಷ ನೀವು ಇಲ್ಲೇ."

ಚಪ್ಪಾಳೆಯೋ ಚಪ್ಪಾಳೆ. ಉಮಾನಾಥ ಅಂಗಿ ಕಳಚಲು ಗುಂಡಿಗೆ ಕೈ ಹಾಕಿದ. ಚಂದಯ್ಯ ಕೈ ಹಿಡಿದುಕೊಂಡರು.

"ತೆಗಿಬೇಡಿ. ಮೊಳ್ಕಿ ಮುರಿತ್ತ್. ಒಂಚೂರ್ ಬಗ್ಗಿ ಕಾಂಬ."

ಬಗ್ಗಿದ. ಚಂದಯ್ಯ ಶಾಲೆಯ ಕೊಡಪಾನ ಎತ್ತಿ ಬೆನ್ನಿಗೆ ನಿಧಾನವಾಗಿ ನೀರು ಬಿಟ್ಟರು.