ಒಂದೇ ಒತ್ತಿಗೆ ನಿಲ್ಲುವ ಕಾರು

ಕಾರಿದ್ದವರೆಲ್ಲ ಅದು ಓಡುವ ಚಂದವನ್ನು ಹೇಳಿಕೊಳ್ಳುತ್ತಾರೆ. ಕೊಪ್ಪದಿಂದ ಶೃಂಗೇರಿಗೆ ಇಷ್ಟೇ ನಿಮಿಷದಲ್ಲಿ ಮುಟ್ಟಿದೆ, ಏರಿನಲ್ಲಿ ಗೇರು ಬದಲಿಸಲೇ ಇಲ್ಲ, ಲೀಟರಿಗೆ ಇಷ್ಟು ಬರುತ್ತದೆ ಎಂದು ಮದುವೆಮನೆಯ ಪಂಕ್ತಿಯಲ್ಲಿ ಕೂತು ಪಕ್ಕದವರ ಸಾರು ಆರಿಹೋಗುವವರೆಗೂ ಹೇಳುತ್ತಾರೆ. ನಾನು ಹಾಗಲ್ಲ. ನಾನು ನನ್ನ ಕಾರು ನಿಲ್ಲುವ ಚಂದವನ್ನು ಹೇಳಿಕೊಳ್ಳುವವನು. ಒತ್ತಿದರೆ ನಿಲ್ಲುತ್ತದೆ. ಇದರಲ್ಲಿ ಹೇಳಿಕೊಳ್ಳಲಿಕ್ಕೆ ಏನಿದೆ, ಎಲ್ಲರ ಕಾರೂ ಹಾಗೇ ಅಲ್ಲವೇ ಎಂದು ನೀವು ಕೇಳಬಹುದು. ಹಾಗೆ ಕೇಳುವ ಭಾಗ್ಯ ನಿಮಗಿದೆ, ಸಂತೋಷ. ನನ್ನದು ನಲವತ್ತು ದಾಟಿದ ಅಂಬಾಸಿಡರ್. ಅದರ ಮುಂದಿನ ಎರಡು ಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕಿದವನು ನಾನು. ಹಾಕಿದ್ದು ನಮ್ಮನೆಯ ಕೊಟ್ಟಿಗೆಯಲ್ಲಿ. ವಿನಯ ದೊಡ್ಡ ಗುಣ ಎಂದು ಮೂವತ್ತು ವರ್ಷ ಹೈಸ್ಕೂಲಿನ ಮಕ್ಕಳಿಗೆ ಹೇಳಿದವನೇ ನಾನು. ಈಗ ನಿವೃತ್ತನಾಗಿದ್ದೇನೆ, ಕೆಲಸದಿಂದಲೂ ವಿನಯದಿಂದಲೂ.

ಕಾರು ನನ್ನ ಮಾವನವರದು. ಅವರು ನರಸಿಂಹರಾಜಪುರದವರು. ಕಣ್ಣು ಮಂಜಾಗತೊಡಗಿದಾಗ ಕಾರನ್ನು ನನ್ನ ಕೈಗೆ ಕೊಟ್ಟರು. ಮಗಳನ್ನು ಕೊಡುವಾಗ ಒಂದು ಬುದ್ಧಿಮಾತೂ ಹೇಳದವರು ಕಾರು ಕೊಡುವಾಗ ಒಂದು ಗಂಟೆ ಹೇಳಿದರು. ಅದರಲ್ಲಿ ಮುಖ್ಯವಾದದ್ದು ಬ್ರೇಕಿನ ವಿಚಾರ. ಒಂದು ಸಲ ಒತ್ತಿದರೆ ಅದಕ್ಕೆ ಗೊತ್ತಾಗುವುದಿಲ್ಲ, ಮೊದಲನೆಯ ಒತ್ತು ಕಾರಿಗೆ ವಿಷಯ ತಿಳಿಸಲಿಕ್ಕೆ, ನಿಲ್ಲಿಸಲಿಕ್ಕೆ ಎರಡನೆಯದು ಎಂದರು. ಗುರುವಿನ ಮಾತಿನಂತೆ ನಾನು ಇಪ್ಪತ್ತು ವರ್ಷ ಎರಡೆರಡು ಸಲ ಒತ್ತುತ್ತಲೇ ಬಂದೆ. ಪಕ್ಕದ ಸೀಟಿನಲ್ಲಿ ನನ್ನ ಹೆಂಡತಿ ಜಲಜ. ಅವಳಿಗೆ ಕಾರು ಬಿಡಲು ಬಾರದು, ಆದರೆ ತನ್ನ ಕಡೆಯೂ ಒಂದು ಬ್ರೇಕ್ ಇದೆ ಎಂದು ನಂಬಿ ಪ್ರತಿ ತಿರುವಿನಲ್ಲೂ ಬಲಗಾಲಿನಿಂದ ನೆಲ ಒತ್ತುತ್ತಿದ್ದಳು. ಅವಳು ಒತ್ತಿ ಒತ್ತಿ ಆ ಕಡೆಯ ರಬ್ಬರ್ ಮ್ಯಾಟಿನಲ್ಲಿ ಹೆಬ್ಬೆರಳಿನಷ್ಟು ತೂತು ಬಿದ್ದಿತ್ತು. ನನ್ನ ಕಡೆಯ ಮ್ಯಾಟು ಚೆನ್ನಾಗಿಯೇ ಇತ್ತು. ಯಾರ ಬ್ರೇಕಿನಿಂದ ಕಾರು ನಿಲ್ಲುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ ಎಂದು ಅವಳ ವಾದ.

ಮೂರು ವರ್ಷದ ಹಿಂದೆ, ನಮ್ಮೂರಿನಿಂದ ಕೊಪ್ಪಕ್ಕೆ ಹೋಗುವ ದಾರಿಯಲ್ಲಿ, ಹರಿಹರಪುರದ ಹತ್ತಿರ ಒಂದು ಇಳಿಜಾರಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಒತ್ತಿದೆ. ಮತ್ತೆ ಒತ್ತಿದೆ. ಮೂರು, ನಾಲ್ಕು, ಐದು. ಪೆಡಲು ನೆಲ ಮುಟ್ಟಿ ಬರುತ್ತಿತ್ತೇ ಹೊರತು ಕಾರು ತನ್ನ ಪಾಡಿಗೆ ಹೋಗುತ್ತಲೇ ಇತ್ತು. ಎಮ್ಮೆಗೆ ಏನನ್ನಿಸಿತೋ, ತಾನಾಗಿ ಪಕ್ಕಕ್ಕೆ ಸರಿಯಿತು. ಎಮ್ಮೆಯೇ ದಾರಿ ಬಿಟ್ಟುಕೊಟ್ಟ ಕಾರು ಈ ತಾಲ್ಲೂಕಿನಲ್ಲಿ ನಮ್ಮದೊಂದೇ ಇರಬೇಕು. ನಾವು ರಸ್ತೆ ಬಿಟ್ಟು ಒಬ್ಬರ ಅಂಗಳದ ಹುಲ್ಲು ಬಣವೆಯೊಳಗೆ ಹೆಡ್‌ಲೈಟಿನವರೆಗೆ ನುಗ್ಗಿ ನಿಂತೆವು. ಬಣವೆಯ ಯಜಮಾನರು ಜಗಲಿಯಿಂದ ನಿಧಾನಕ್ಕೆ ಇಳಿದು ಬಂದು, ಹುಲ್ಲು ಬೇಕಿದ್ದರೆ ಕೇಳಿದ್ದರೆ ಕೊಡುತ್ತಿದ್ದೆನಲ್ಲ ಮೇಷ್ಟ್ರೆ ಎಂದರು. ಜಲಜ ಇಳಿದಳು, ಸೀರೆಗೆ ಅಂಟಿದ ಹುಲ್ಲು ಕೊಡವಿದಳು, ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಮನೆಗೆ ಬಂದ ಮೇಲೆ ಹೇಳಿದಳು:

“ಒಂದೇ ಸಲ ಒತ್ತಿದ್ರೆ ನಿಲ್ಲೋ ದಿನ ಹೇಳಿ ಮಾರಾಯ್ರೆ. ಅವತ್ತು ಕೂರ್ತೀನಿ.”

ಸೋರುತ್ತಿದ್ದ ಕಡೆ ರಿಪೇರಿ ಮಾಡಿಸಿದೆ. ಕಾರು ಮೊದಲಿನ ಹಾಗೆ ಎರಡು ಒತ್ತಿಗೆ ನಿಲ್ಲತೊಡಗಿತು. ಆದರೆ ಶರತ್ತು ಇದ್ದದ್ದು ಒಂದು ಒತ್ತಿನದು. ಅಂದಿನಿಂದ ನಮ್ಮ ಸಂಸಾರ ಎರಡು ವಾಹನಗಳಲ್ಲಿ ಸಾಗಿತು. ಶೃಂಗೇರಿಯಲ್ಲಿ ಒಂದು ಉಪನಯನವಿದ್ದರೆ ಅವಳು ಬಸ್ಸಿನಲ್ಲಿ, ನಾನು ಉಡುಗೊರೆಯ ಚೀಲ ಇಟ್ಟುಕೊಂಡು ಅದೇ ಬಸ್ಸಿನ ಹಿಂದೆ ಕಾರಿನಲ್ಲಿ. ಒಮ್ಮೆ ಕಂಡಕ್ಟರ್ ಹಿಂದಿನ ಗಾಜಿನಿಂದ ನೋಡಿ, ಅದು ನಿಮ್ಮನೆ ಕಾರಲ್ವಾ ಅಕ್ಕ ಎಂದು ಕೇಳಿದನಂತೆ. ಕಾರೂ ನಮ್ಮದೇ, ಜೀವವೂ ನಮ್ಮದೇ, ಅದಕ್ಕೇ ಬಸ್ಸು ಎಂದಳಂತೆ ಇವಳು. ಬಸ್ಸಿಗೆ ಬಸ್ಸೇ ನಕ್ಕಿತು ಎಂದು ಅವಳೇ ಬಂದು ಹೇಳಿದಳು. ನಾನೂ ನಕ್ಕೆ. ಆದರೆ ನಿಜ ಹೇಳುತ್ತೇನೆ, ಪಕ್ಕದಲ್ಲಿ ಬೈಯುವವರಿಲ್ಲದೆ ಕಾರು ಬಿಡುವುದು ಬಹಳ ಬೇಸರದ ಕೆಲಸ. ಪಕ್ಕದಲ್ಲಿ ಆ ಖಾಲಿ ಸೀಟು, ಅದರಡಿ ಆ ತೂತಿನ ಮ್ಯಾಟು. ಅವಳು ಮದುವೆಯಾಗಿ ನಮ್ಮ ಮನೆಗೆ ಬಂದದ್ದೂ ಇದೇ ಕಾರಿನಲ್ಲಿ.

ಈ ಬೇಸಿಗೆಯಲ್ಲಿ ಜಲಜಳ ತಂಗಿ ನರಸಿಂಹರಾಜಪುರದಲ್ಲಿ ಹೊಸ ಮನೆಯ ಗೃಹಪ್ರವೇಶಕ್ಕೆ ಕರೆದಳು. ಅಪ್ಪನ ಊರಿಗೆ ಅಪ್ಪನ ಕಾರಿನಲ್ಲೇ ಅವಳನ್ನು ಕರೆದುಕೊಂಡು ಹೋಗಬೇಕು ಎಂದು ನನಗೆ ಹಟ ಹಿಡಿಯಿತು. ಕೊಪ್ಪದಲ್ಲಿ ಗ್ಯಾರೇಜು ಇಟ್ಟಿರುವ ಉಮೇಶನ ಹತ್ತಿರ ಹೋದೆ. ಅವನು ನನ್ನ ಶಿಷ್ಯ. ವಿಜ್ಞಾನದಲ್ಲಿ ನಾನು ಅವನಿಗೆ ಕೊಟ್ಟ ಅಂಕ ಅವನಿಗೂ ನೆನಪಿದೆ, ನನಗೂ ನೆನಪಿದೆ, ಇಬ್ಬರೂ ಆ ಮಾತು ಎತ್ತುವುದಿಲ್ಲ. ಇದೇ ಕಾರಿನಲ್ಲಿ ಆಮೇಲೆ ಬಂದವಕ್ಕೆ ಡಿಸ್ಕ್ ಇತ್ತು ಮೇಷ್ಟ್ರೆ, ಶಿವಮೊಗ್ಗದ ಗುಜರಿಯಲ್ಲಿ ಒಂದು ನಿಂತಿದೆ, ಸಾಮಾನು ತರಿಸುತ್ತೇನೆ, ಗಾಡಿ ಇಲ್ಲೇ ಬಿಟ್ಟು ಹೋಗಿ ಎಂದ. ಬಿಟ್ಟು ಬಂದಿದ್ದರೆ ಈ ಪ್ರಬಂಧ ಬರೆಯುವ ಕಷ್ಟ ನನಗೂ, ಓದುವ ಕಷ್ಟ ನಿಮಗೂ ಇರುತ್ತಿರಲಿಲ್ಲ. ದ್ರವದ ಒತ್ತಡದ ಪಾಠವನ್ನು ವರ್ಷಕ್ಕೆ ಮೂರು ವಿಭಾಗಕ್ಕೆ ಮಾಡಿದವನು ನಾನು. ಸಾಮಾನು ಮಾತ್ರ ಕೊಡು, ಹಾಕಿಕೊಳ್ಳುವುದು ನನಗೆ ಗೊತ್ತು ಎಂದೆ. ಉಮೇಶ ಏನೂ ಹೇಳಲಿಲ್ಲ. ಮೇಷ್ಟ್ರ ಎದುರು ಸುಮ್ಮನಿರುವುದನ್ನು ಅವನಿಗೆ ಕಲಿಸಿದವನೂ ನಾನೇ.

ನಮ್ಮ ಕೊಟ್ಟಿಗೆಯಲ್ಲಿ ಈಗ ಹಸುಗಳಿಲ್ಲ, ಕಾರು ಇದೆ. ಹುಲ್ಲು ಹಾಕುತ್ತಿದ್ದ ಗೋದಲಿಯಲ್ಲಿ ಸ್ಪಾನರುಗಳನ್ನು ಸಾಲಾಗಿ ಜೋಡಿಸಿದೆ. ಹಸು ಕಟ್ಟುತ್ತಿದ್ದ ಗೂಟಕ್ಕೆ ಹೊಸ ಬ್ರೇಕ್ ಪೈಪುಗಳನ್ನು ನೇತುಹಾಕಿದೆ. ಕಾರನ್ನು ಜಾಕಿಯಲ್ಲಿ ಎತ್ತಿ ಅಡಿಗೆ ದಪ್ಪ ಹಲಸಿನ ದಿಮ್ಮಿಗಳನ್ನು ಕೊಟ್ಟು ಚಕ್ರ ಬಿಚ್ಚಿದೆ. ಹಳೆಯ ಬ್ರೇಕಿನ ಡ್ರಮ್ಮುಗಳು ತುಕ್ಕು ಹಿಡಿದು ಎರಡು ದಿನ ಹಟ ಮಾಡಿದವು. ನಾಲ್ಕನೆಯ ದಿನ ಎರಡೂ ಕಡೆ ಡಿಸ್ಕ್ ಕೂತವು, ಡಿಸ್ಕನ್ನು ಎರಡು ಬದಿಯಿಂದ ಕಚ್ಚಿ ಹಿಡಿಯುವ ಕ್ಯಾಲಿಪರುಗಳೂ ಕೂತವು. ಬೋಲ್ಟು ಬಿಗಿದು ಹಿಂದೆ ಸರಿದು ನೋಡಿದಾಗ ನನ್ನ ಎದೆ ಉಬ್ಬಿತು. ಕಾಫಿ ತಂದ ಜಲಜ ಬಗ್ಗಿ ನೋಡಿ, ದೋಸೆ ಕಾವಲಿ ಹಾಗಿದೆ ಎಂದಳು. ಅವಳ ಬಾಯಲ್ಲಿ ಇದು ಹೊಗಳಿಕೆಯೇ, ಅವಳ ಕಾವಲಿ ಯಾವತ್ತೂ ಕೈಕೊಟ್ಟದ್ದಿಲ್ಲ.

ಇನ್ನು ಉಳಿದದ್ದು ಏರ್ ತೆಗೆಯುವುದು. ಬ್ರೇಕು ಹಿಡಿಯುವುದು ಪೈಪಿನೊಳಗಿನ ಎಣ್ಣೆಯ ಒತ್ತಡದಿಂದ. ಎಣ್ಣೆಯ ನಡುವೆ ಗಾಳಿ ಉಳಿದರೆ ನಾವು ಒತ್ತಿದ್ದನ್ನೆಲ್ಲ ಆ ಗಾಳಿಯೇ ನುಂಗಿಬಿಡುತ್ತದೆ. ಅದಕ್ಕೆ ಒಬ್ಬರು ಸೀಟಿನಲ್ಲಿ ಕೂತು ಪೆಡಲು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರ ಕೂತು ಕ್ಯಾಲಿಪರಿನ ಸಣ್ಣ ತಿರುಪನ್ನು ಸಡಿಲಿಸಿ ಗಾಳಿ ಬಿಟ್ಟು ಮತ್ತೆ ಬಿಗಿಯಬೇಕು. ಇಬ್ಬರ ಕೆಲಸ. ಅಂಜುತ್ತಲೇ ಜಲಜಳನ್ನು ಕೇಳಿದೆ. ಅವಳು ಬಗ್ಗಿ ಕಾರಿನ ಅಡಿ ನೋಡಿ, ಮುಂದಿನ ಚಕ್ರ ಇಲ್ಲವಲ್ಲ, ಹಾಗಾದರೆ ಅಡ್ಡಿಯಿಲ್ಲ ಎಂದು ಡ್ರೈವರ್ ಸೀಟು ಹತ್ತಿದಳು. ಮೂರು ವರ್ಷದ ಮೇಲೆ ಕಾರಿನೊಳಗೆ ಅವಳು ಕೂತದ್ದು ಹಾಗೆ.

ಒತ್ತು, ಹಿಡಿ, ಬಿಡು. ಒತ್ತು, ಹಿಡಿ, ಬಿಡು. ಎರಡು ದಿನ ಕೊಟ್ಟಿಗೆಯಲ್ಲಿ ಇದೇ ಮಂತ್ರ. ಪಕ್ಕದ ಮನೆಯ ಶಾರದಕ್ಕ ಗಾಬರಿಯಾಗಿ ಓಡಿಬಂದು, ಮತ್ತೆ ಹಸು ತಂದಿರಾ, ಕರು ಹಾಕ್ತಾ ಇದೆಯಾ, ಬಿಸಿನೀರು ಬೇಕಾ ಎಂದರು. ಒಂದು ಬಾಟಲಿ ಬ್ರೇಕ್ ಆಯಿಲ್ ಮುಗಿದು ಎರಡನೆಯದು ಶುರುವಾಯಿತು. ಪೆಡಲು ಮಾತ್ರ ಆಗಷ್ಟೇ ಬೆಂದ ಕಡುಬಿನ ಹಾಗೆ ಮೆತ್ತಗೇ ಇತ್ತು. ಎರಡಲ್ಲ, ಹತ್ತು ಸಲ ಒತ್ತಿದರೂ ಮೆತ್ತಗೆ. ಗೃಹಪ್ರವೇಶಕ್ಕೆ ನಾಲ್ಕೇ ದಿನ ಉಳಿದಿತ್ತು. ಬಸ್ಸಿನ ಟೈಮು ಕೇಳಿಕೊಂಡು ಬಂದಿದ್ದೇನೆ ಎಂದು ಜಲಜ ಊಟದ ನಡುವೆ ಮೆಲ್ಲಗೆ ಹೇಳಿದಳು. ಗುಜರಿಯ ಸಾಮಾನೇ ಸರಿಯಿಲ್ಲ ಎಂದೆ. ಎಣ್ಣೆ ಕಲಬೆರಕೆ ಎಂದೆ. ಹಳೇ ಅಂಕದ ಸಿಟ್ಟಿಗೆ ಉಮೇಶ ಬೇಕೆಂದೇ ಹೀಗೆ ಮಾಡಿದ್ದಾನೆ ಎಂದೂ ಅಂದುಕೊಂಡೆ. ನನ್ನೊಬ್ಬನನ್ನು ಬಿಟ್ಟು ಎಲ್ಲರ ಮೇಲೂ ಅನುಮಾನಪಟ್ಟೆ.

ಮಾರನೆಯ ದಿನ ಬೆಳಿಗ್ಗೆ ನಲ್ಲಿಯಲ್ಲಿ ನೀರು ನಿಂತಿತು. ನಮ್ಮ ಕಡೆಯ ಎಷ್ಟೋ ಮನೆಗಳಿಗೆ ನೀರು ಬರುವುದು ಮೇಲಿನ ಗುಡ್ಡದ ಹಳ್ಳದಿಂದ, ಪಂಪಿಲ್ಲದೆ, ಕಪ್ಪು ಪೈಪಿನಲ್ಲಿ ತಾನಾಗಿ ಇಳಿದು. ಬೇಸಿಗೆಯಲ್ಲಿ ಹಳ್ಳ ಸಣ್ಣದಾದರೆ ಪೈಪಿನೊಳಗೆ ಗಾಳಿ ಸೇರಿ, ದಾರಿಯಲ್ಲಿ ದಿಬ್ಬ ಏರುವ ಕಡೆ ಕಟ್ಟಿ ಕೂರುತ್ತದೆ. ಅದಕ್ಕೆ ದಿಬ್ಬದ ತುದಿಯಲ್ಲಿ ಪೈಪಿಗೆ ಸಣ್ಣ ತೂತು ಕೊರೆದು ಮರದ ಗೂಟ ಹೊಡೆದಿರುತ್ತೇವೆ. ಹೋಗಿ ಗೂಟ ಕಿತ್ತರೆ ಗಾಳಿ ಬುಸ್ಸೆಂದು ಹೋಗಿ ನೀರು ಚಿಮ್ಮುತ್ತದೆ, ಮತ್ತೆ ಗೂಟ ಹೊಡೆದು ಬಂದರಾಯಿತು. ನನಗೆ ಮಂಡಿನೋವಿನ ನೆಪ, ಆದ್ದರಿಂದ ಗುಡ್ಡ ಹತ್ತುವುದು ಯಾವಾಗಲೂ ಜಲಜ. ಅವತ್ತೂ ಗೂಟ ಕಿತ್ತು ನೀರು ಬಿಟ್ಟು, ಕೈಯಲ್ಲಿ ಗೂಟ ಕೆತ್ತುವ ಕತ್ತಿ ಹಿಡಿದುಕೊಂಡೇ ಕೊಟ್ಟಿಗೆಗೆ ಬಂದಳು. ಎರಡು ದಿನ ಸೀಟಿನಲ್ಲೇ ಕೂತಿದ್ದವಳು ನಾನು ಕೆಳಗೆ ಏನು ತಿರುಗಿಸುತ್ತೇನೆ ಎಂದು ನೋಡಿರಲಿಲ್ಲ. ಈಗ ಬಗ್ಗಿ ನೋಡಿದಳು.

“ಗಾಳಿ ಬಿಡೋದು ಇದ್ರಲ್ಲೇನಾ?”

“ಹೌದು.”

“ಗಾಳಿ ಬಿಡೋ ಗೂಟನ ಯಾರಾದ್ರೂ ತಗ್ಗಲ್ಲಿ ಹೊಡೀತಾರಾ ಮಾರಾಯ್ರೆ?”

ನೋಡಿದೆ. ಎರಡೂ ಕ್ಯಾಲಿಪರುಗಳಲ್ಲಿ ಆ ತಿರುಪು ಅಡಿಯಲ್ಲಿತ್ತು. ಎರಡು ದಿನದಿಂದ ನಾನು ಅಡಿಯಿಂದ ಒಳ್ಳೆಯ ಎಣ್ಣೆ ಚೆಲ್ಲುತ್ತಿದ್ದೆ, ಗಾಳಿ ಮೇಲೆ ಆರಾಮವಾಗಿ ಕೂತಿತ್ತು. ನೀರಿಗಿಂತ ಗಾಳಿ ಹಗುರ, ಆದ್ದರಿಂದ ಮೇಲಕ್ಕೆ ಹೋಗುತ್ತದೆ ಎಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದು, ಅಡಿಗೆರೆ ಎಳೆದು, ಪರೀಕ್ಷೆಯಲ್ಲಿ ಕೇಳಿದವನು ನಾನು.

ಆದದ್ದು ಇಷ್ಟೇ. ಕ್ಯಾಲಿಪರು ಎಡಕ್ಕೊಂದು, ಬಲಕ್ಕೊಂದು ಬೇರೆ ಬೇರೆ. ತನ್ನ ಜಾಗದಲ್ಲಿ ಕೂತರೆ ತಿರುಪು ಮೇಲೆ ಬರುತ್ತದೆ, ಅದಲುಬದಲಾದರೆ ಕೆಳಗೆ. ಉಮೇಶ ಅದರ ಮೇಲೆ ಎಡ, ಬಲ ಎಂದು ಸರಿಯಾಗಿಯೇ ಬರೆದು ಕಳಿಸಿದ್ದ. ಅದಕ್ಕೆ ಸರಿಯಾಗಿ ನಾನು ಕಾರಿನ ಎದುರು ನಿಂತು ಮಡ್‌ಗಾರ್ಡುಗಳ ಮೇಲೆ ಚಾಕ್‌ಪೀಸಿನಲ್ಲಿ ಎಡ, ಬಲ ಬರೆದುಕೊಂಡೆ. ಶಾಲೆಯಲ್ಲಿ ಬೆಳಗಿನ ಡ್ರಿಲ್ ಮಾಡಿಸುವವನೂ ನಾನೇ ಆಗಿದ್ದೆ. ಮಕ್ಕಳ ಎದುರು ನಿಂತು ‘ಎಡಗೈ ಮೇಲೆ’ ಎನ್ನುವಾಗ ಮೇಷ್ಟ್ರು ತಮ್ಮ ಬಲಗೈ ಎತ್ತಬೇಕು, ಇಲ್ಲದಿದ್ದರೆ ಇಡೀ ಸಾಲು ಗೊಂದಲವಾಗುತ್ತದೆ. ಇಷ್ಟು ವರ್ಷ ಹಾಗೆ ಎತ್ತಿದವನಿಗೆ ಎದುರಿಗೆ ಇರುವವರ ಎಡ ಬಲ ಎಂದೂ ತಪ್ಪಬಾರದಿತ್ತು. ಆದರೆ ನಿವೃತ್ತಿಯಾದ ಮೇಲೆ ಡ್ರಿಲ್ಲಿನ ಅಭ್ಯಾಸ ಸಾಕು, ಇನ್ನು ನನ್ನ ಎಡವನ್ನು ಎಡ ಎಂದೇ ಕರೆಯಬೇಕು ಎಂದು ತೀರ್ಮಾನಿಸಿದ್ದೆ. ಆ ತೀರ್ಮಾನ ಮೊದಲ ಬಾರಿಗೆ ಜಾರಿಗೆ ಬಂದದ್ದು ಈ ಕಾರಿನ ಮೇಲೆ.

ಎರಡನ್ನೂ ಬಿಚ್ಚಿ ಅದಲುಬದಲು ಮಾಡಿದೆ. ಜಲಜ ಒತ್ತಿದಳು, ನಾನು ಸಡಿಲಿಸಿದೆ. ಗುಳುಗುಳು ಎಂದು ಗುಳ್ಳೆ ಬಂತು, ಆಮೇಲೆ ಬರಿ ಎಣ್ಣೆ ಬಂತು. ಮತ್ತೊಮ್ಮೆ ಒತ್ತಿದವಳು “ಓ” ಎಂದಳು. ಪೆಡಲು ಕಲ್ಲಿನ ಹಾಗೆ ನಿಂತಿತ್ತು. ನನ್ನ ಬದುಕಿನಲ್ಲಿ ಬಹಳ ಸನ್ಮಾನಗಳಾಗಿಲ್ಲ, ಆದದ್ದರಲ್ಲಿ ಶಾಲು ಹಾರ ಎಲ್ಲ ಇತ್ತು. ಈ “ಓ”ಗೆ ಅವು ಯಾವುವೂ ಸಮವಲ್ಲ.

ಉಮೇಶ ಬಂದು ಕಾರು ಓಡಿಸಿ, ಏರಿನಲ್ಲಿ ಇಳಿಜಾರಿನಲ್ಲಿ ನಿಲ್ಲಿಸಿ, ಅಡಿಗೆ ಮಲಗಿ ನೋಡಿ, ಹುಡುಕಿದರೂ ತಪ್ಪು ಸಿಗದೆ ಎದ್ದ. ಏರ್ ತೆಗೆಯಲಿಕ್ಕೆ ಕಷ್ಟ ಆಗಲಿಲ್ಲವಾ ಮೇಷ್ಟ್ರೆ ಎಂದು ಕೇಳಿದ. ಸ್ವಲ್ಪ ಹೊತ್ತು ಹಿಡಿಯಿತು, ಅಷ್ಟೇ ಎಂದೆ. ಕಾಫಿ ಲೋಟ ಹಿಡಿದು ನಿಂತಿದ್ದ ಜಲಜ ಏನೂ ಹೇಳಲಿಲ್ಲ. ಆ ಉಪಕಾರ ನಾನು ಮರೆಯುವವನಲ್ಲ. ಊರಿನಲ್ಲೆಲ್ಲ ನಾನೇ ಹಾಕಿದ್ದು ಎನ್ನುತ್ತೇನೆ, ನಿಮ್ಮ ಹತ್ತಿರ ಮಾತ್ರ ನಿಜ ಹೇಳಿದ್ದೇನೆ. ಅವಳ ಬುದ್ಧಿಯ ಬಗ್ಗೆಯೂ ನನಗೆ ಹೆಮ್ಮೆಯೇ, ಅವಳ ಎದುರು ಹೇಳುವುದಿಲ್ಲ ಅಷ್ಟೇ. ಅದೇ ಖುಷಿಯಲ್ಲಿ ಕೊಪ್ಪಕ್ಕೆ ಹೋಗಿ ಅವಳ ಸೀಟಿನ ಅಡಿಗೆ ಹೊಸ ಮ್ಯಾಟು ತಂದೆ. ತೂತಿನದನ್ನು ಇನ್ನು ಯಾಕೆ ಇಟ್ಟುಕೊಳ್ಳುವುದು ಎಂದು ಎಸೆದೆ.

ಗೃಹಪ್ರವೇಶದ ಬೆಳಿಗ್ಗೆ ಜಲಜ ತೊಡೆಯ ಮೇಲೆ ಚಕ್ಕುಲಿಯ ಡಬ್ಬಿ ಇಟ್ಟುಕೊಂಡು ಪಕ್ಕದಲ್ಲಿ ಕೂತಳು. ಕೂತು, ಬಲಗಾಲನ್ನು ಮಡಚಿ ಸೀಟಿನ ಮೇಲೆ ಇಟ್ಟುಕೊಂಡಳು, ಮನೆಯ ಜಗಲಿಯಲ್ಲಿ ಕೂತ ಹಾಗೆ. ಮೂರು ವರ್ಷದ ಖಾಲಿ ಸೀಟು ತುಂಬಿತ್ತು, ಕಾಲು ಕೂಡ ನೆಲ ಬಿಟ್ಟಿತ್ತು. ಅದೇ ಇಳಿಜಾರು ಬಂತು. ಬಣವೆಯ ಯಜಮಾನರು ರಸ್ತೆಯ ಬದಿಯಲ್ಲಿ ನಿಂತಿದ್ದರು. ನಮ್ಮ ಕಾರು ಕಂಡದ್ದೇ ತಡ, ಓಡಿಹೋಗಿ ಬಣವೆಗೆ ಅಡ್ಡಲಾಗಿ ಎರಡೂ ಕೈ ಚಾಚಿ ನಿಂತರು. ಇವರಿಗೂ ಒಮ್ಮೆ ತೋರಿಸಿಯೇಬಿಡೋಣ ಎಂದು ಒತ್ತಿದೆ.

ಮೊದಲ ಒತ್ತಿಗೇ ಕಾರು ಗಕ್ಕನೆ ಹಿಡಿಯಿತು. ಆದರೆ ಮಾವನವರು ಪಳಗಿಸಿದ ಕಾಲು, ಅಷ್ಟರಲ್ಲಿ ಮೇಲೆದ್ದು ಎರಡನೆಯದನ್ನೂ ಒತ್ತಿಯಾಗಿತ್ತು. ಕಾರು ಎರಡು ಸಲ ಮುಗ್ಗರಿಸಿ ನಿಂತಿತು. ಜಲಜಳ ತಲೆ ಎರಡು ಸಲ ಮುಂದಕ್ಕೆ ಹೋಗಿ ಬಂತು. ಮೆಚ್ಚಿ ತಲೆಯಾಡಿಸುತ್ತಿದ್ದಾಳೆ ಎಂದುಕೊಂಡೆ. ಅವಳು ಜಾರಿದ ಡಬ್ಬಿಯನ್ನು ಹಿಡಿದು ಸರಿಮಾಡಿಕೊಂಡಳು.

“ಒಂದೇ ಸಲ ಒತ್ತಿದ್ರೆ ಸಾಕಲ್ದಾ?”

“ಸಾಕು. ನಿಂತಿತಲ್ಲ, ನೋಡಿದ್ಯಲ್ಲ?”

“ಮತ್ತೆ ಎರಡ್ನೇದು ಎಂತಕ್ಕೆ?”

ಅಭ್ಯಾಸ ಎಂದೆ. ಅವಳು ಸ್ವಲ್ಪ ಹೊತ್ತು ನನ್ನ ಕಾಲನ್ನೇ ನೋಡಿದಳು. ಕಾರಿನ ಮೇಲೆ ಅವಳಿಗೆ ದೂರಿರಲಿಲ್ಲ, ಕಾರು ಕೊಟ್ಟ ಮಾತು ಉಳಿಸಿಕೊಂಡಿತ್ತು. ಆಮೇಲೆ ಮಡಚಿದ್ದ ಬಲಗಾಲನ್ನು ನಿಧಾನಕ್ಕೆ ಬಿಡಿಸಿ ಕೆಳಗೆ ಇಳಿಸಿದಳು. ನರಸಿಂಹರಾಜಪುರ ಮುಟ್ಟುವವರೆಗೂ ಅದು ಅಲ್ಲೇ ಇತ್ತು. ಹೊಸ ಮ್ಯಾಟಿನ ಮೇಲೆ ಈಗಾಗಲೇ ಸಣ್ಣದೊಂದು ಗುಳಿ ಬಿದ್ದಿದೆ.