ಏನು ಬದಲಾಯಿತು ಎಂದು ಕೇಳಲು ಹೋದವನ ಪಾಡು

ಕೇಳಲು ಹೋಗುವುದೇ ಒಂದು, ಆಗುವುದೇ ಇನ್ನೊಂದು. ಮನೆಮನೆ ಸುತ್ತಿ ಪ್ರಶ್ನೆ ಕೇಳುವ ನನ್ನ ಕೆಲಸದಲ್ಲಿ ಇದು ತಪ್ಪಿದ್ದಲ್ಲ. ಮೀಸಲಾತಿಯಿಂದ ಸರ್ಕಾರಿ ಕೆಲಸ ಸಿಕ್ಕವರ ಮನೆಯಲ್ಲಿ ನಿಜಕ್ಕೂ ಏನು ಬದಲಾಗಿದೆ ಎಂಬುದು ನಮ್ಮ ಸಂಶೋಧನೆ. ನಾನು ಗುತ್ತಿಗೆ ಸಹಾಯಕ. "ಗಟ್ಟಿ ಉತ್ತರ ತಂದರೆ ಗುತ್ತಿಗೆ ಮುಂದುವರಿಯುತ್ತೆ, ಇಲ್ಲದಿದ್ದರೆ ಇಲ್ಲ" ಎಂದು ಪ್ರೊಫೆಸರು ಹೇಳಿಯೇ ಕಳಿಸಿದ್ದರು.

ಕಂಬಳಿ ಹೊದ್ದ ಬೀರು

ಮಳವಳ್ಳಿಯಲ್ಲಿ ಒಬ್ಬ ತಾಯಿ. ಮಗಳು ಸರ್ಕಾರಿ ನರ್ಸು.

"ಏನು ಬದಲಾಯ್ತಮ್ಮ?"

"ಏನೂ ಇಲ್ಲ ಕಣಪ್ಪ, ಅಂಗೇ ಇದ್ದೀವಿ."

ಮೂಲೆಯಲ್ಲಿ ಕಂಬಳಿ ಹೊದ್ದು ನಿಂತಿದ್ದೇನೋ ಗುರ್ ಎನ್ನುತ್ತಿತ್ತು.

"ಅದೇನಮ್ಮ?"

"ಬೀರು."

"ಬೀರು ಸದ್ದು ಮಾಡುತ್ತಾ?"

ಆಕೆಯ ಕಣ್ಣು ತುಂಬಿತು. "ಚೆನ್ನಾಗವ್ರೆ ಅಂತ ಬರ್ಕೊಂಡೋಗಿ ಮಗೀನ ಕೆಲ್ಸ ಕಿತ್ಕೊಂಡ್ರೆ?"

ಯಾರೂ ಕಿತ್ಕೊಳ್ಳಲ್ಲ ಎಂದು ಮತ್ತೆಮತ್ತೆ ಹೇಳಿದೆ. ಆಕೆ ಕಂಬಳಿ ಸರಿಸಿ, ಫ್ರಿಜ್ಜಿನಿಂದ ತಣ್ಣನೆ ಮಜ್ಜಿಗೆ ತೆಗೆದು ಕೊಟ್ಟು, ಕಂಬಳಿಯನ್ನು ಮತ್ತೆ ಹೊದಿಸಿದರು.

"ಇರ್ಲಿ ಬುಡು, ಇನ್ಯಾರಾದ್ರೂ ಬಂದ್ರೆ?"

ಕರೆದರೂ ತಿರುಗದ ಅಜ್ಜ

ಮದ್ದೂರಿನ ಹತ್ತಿರ ಒಬ್ಬ ಅಜ್ಜ. ಮಗ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ.

"ಮೊದ್ಲು ಊರಿನ ದೊಡ್ಡೋರು 'ಲೇ' ಅನ್ನೋರು, ಓಡೋಗ್ತಿದ್ದೆ. ಈಗ 'ಬನ್ನಿ, ಕೂತ್ಕೊಳಿ' ಅಂತಾರೆ. ಯಾರ್ನೋ ಕರೀತಾವ್ರೆ ಅಂದ್ಕೊಂಡು ನಾನು ಓಯ್ತಾನೇ ಇರ್ತೀನಿ" ಎಂದರು.

ಒಳಗಿನಿಂದ ಅಜ್ಜಿ ಕೂಗಿದರು. "ಮಗಂಗೆ ಕೆಲ್ಸ ಸಿಕ್ಮೇಲೆ ಮುದುಕಂಗೆ ಜಂಬ ಬಂತು ಅಂತಾವ್ರೆ ಕಣಪ್ಪ!"

ಉಪ್ಪಿಟ್ಟು, ಕೇಸರಿಬಾತು

ಮಂಡ್ಯದಲ್ಲಿ ಒಬ್ಬ ಸರ್ಕಾರಿ ಟೀಚರಮ್ಮನ ಮನೆಗೆ ಫೋನ್ ಮಾಡಿ, ಆಕೆಯ ತಾಯಿಗೆ "ನಿಮ್ಮ ಮಗಳ ವಿಚಾರ ಮಾತಾಡಬೇಕು, ಭಾನುವಾರ ಬರ್ತೀನಿ" ಎಂದಿದ್ದೆ. ಹೋದರೆ ಉಪ್ಪಿಟ್ಟು, ಕೇಸರಿಬಾತು, ಜೊತೆಗೆ ಸೋದರಮಾವ. ಇದು ಹೆಣ್ಣು ನೋಡುವ ದಿನದ ತಿಂಡಿ ಎಂದು ನನಗೆ ಹೊಳೆಯಲೇ ಇಲ್ಲ. ಸಂಬಳವೆಷ್ಟು, ಒಡಹುಟ್ಟಿದವರೆಷ್ಟು, ಮನೆ ಸ್ವಂತದ್ದಾ ಎಂದು ನಾನು ಕೇಳಿದಷ್ಟೂ ಅವರ ಮುಖ ಅರಳುತ್ತಿತ್ತು.

ಟೀಚರು ಬಂದವಳೇ ನನ್ನೆದುರಿನ ಕುರ್ಚಿಯಲ್ಲಿ ಕೂತಳು.

"ನಿಮ್ಮದು ಪರ್ಮನೆಂಟಾ?"

"ಗುತ್ತಿಗೆ."

"ಅಡುಗೆ ಬರುತ್ತಾ?"

"ಅನ್ನ ಮಾಡ್ತೀನಿ."

"ಸಾರು?"

ನಾನು ಉಪ್ಪಿಟ್ಟಿಗೆ ಕೈ ಹಾಕಿದೆ. ಅವಳು ಅಮ್ಮನ ಕಡೆ ನೋಡಿ ಬೇಡವೆಂದು ತಲೆಯಾಡಿಸಿದಳು.

ಬಂದ ಕಾರಣ ಹೇಳಲು ಬಾಯಿ ತೆರೆಯುವಷ್ಟರಲ್ಲಿ ತಾಯಿ ನನ್ನನ್ನು ಬಾಗಿಲವರೆಗೆ ಬಿಡಲು ಬಂದಿದ್ದರು. "ಬೇಜಾರ್ ಮಾಡ್ಕೋಬ್ಯಾಡ ಕಣಪ್ಪ. ನನ್ನ ಮದ್ವೇಲಿ ನನ್ನ ಯಾರೂ ಒಂದ್ ಮಾತ್ ಕೇಳ್ನಿಲ್ಲ. ಅವ್ಳು ಬ್ಯಾಡ ಅಂದ್ರೆ ಬ್ಯಾಡ." ಅವರ ಮುಖದಲ್ಲಿದ್ದ ಹೆಮ್ಮೆ ನೋಡಿ, ನಾನು ಸಂಶೋಧನೆಯ ಮಾತೇ ಎತ್ತಲಿಲ್ಲ.

"ಏನಯ್ಯಾ, ಏನು ಬದಲಾಗಿದೆ?" ಎಂದು ವಾಪಸ್ ಬಂದ ನನ್ನನ್ನು ಕೇಳಿದರು ಪ್ರೊಫೆಸರು.

"ಹೆಣ್ಣೇ ಗಂಡನ್ನು ನೋಡಿ ಬೇಡ ಅನ್ನೋ ಹಾಗಾಗಿದೆ ಸಾರ್. ನಾನು ಫೇಲು."

ಪೂರ್ತಿ ಕಥೆ ಕೇಳಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಗುತ್ತಿಗೆ ಮುಂದುವರಿಸಿದ್ದೀನಿ. ಅದು ಮುಗಿಯೋದ್ರೊಳಗೆ ಸಾರು ಮಾಡೋದು ಕಲಿ."